ಕಡ್ಡಿ ಕೊಡದ ಒಪ್ಪಂದ

ಅಮೆರಿಕದ ಮೂಲನಿವಾಸಿಗಳಾದ ಮಸ್ಕೋಗಿ ಜನರ ಊರುಗಳಲ್ಲಿ ಸಭೆ ಕರೆಯಬೇಕಾದರೆ ಕಡ್ಡಿಯ ಕಟ್ಟು ಹೋಗುತ್ತಿತ್ತು. ಸಭೆಗೆ ಎಷ್ಟು ದಿನ ಉಳಿದಿದೆಯೋ ಅಷ್ಟು ಕಡ್ಡಿ. ದಿನಕ್ಕೊಂದು ಎಸೆದು, ಕಡ್ಡಿ ಮುಗಿದ ದಿನ ಎಲ್ಲರೂ ಸೇರುವುದು. ಮೂವತ್ತು ವರ್ಷ ಆ ಕಟ್ಟು ಹೊತ್ತು ಊರೂರು ನಡೆದವನು ಫುಸ್ ಯಹೋಲ. ಒಂದು ದಿನವೂ ತಪ್ಪಿದವನಲ್ಲ, ಆ ಜಂಬವೂ ಅವನಿಗಿತ್ತು.

ಒಕೋನಿ ನದಿಯ ದಂಡೆಯಲ್ಲಿ ಬಿಳಿಯರೊಂದಿಗೆ ಒಪ್ಪಂದವಾದಾಗ ಅವನೂ ಅಲ್ಲಿದ್ದ. ನದಿಯ ಈಚೆಗೆ ಬಿಳಿಯರು ಎಂದೆಂದಿಗೂ ಕಾಲಿಡುವುದಿಲ್ಲ ಎಂದು ದುಭಾಷಿ ಹೇಳಿದ. ಊರಿಗೆ ಮರಳಿದಾಗ ಅಕ್ಕ ಮಿಹೋಯ ಮೆಕ್ಕೆಜೋಳದ ಹೊಲದಲ್ಲಿದ್ದಳು. ಹೊಲ ಅವಳದು, ಅಲ್ಲಿ ಹೊಲವೆಲ್ಲ ಹೆಂಗಸರದೇ.

"ಎಷ್ಟು ದಿನಕ್ಕಂತೆ?" ಅಂದಳು.

"ಎಂದೆಂದಿಗೂ ಅಂತೆ, ಅಕ್ಕ."

"ಕಡ್ಡಿ ಎಲ್ಲಿ?"

"ಕೊಡ್ಲಿಲ್ಲ. ಕಾಗದದ ಮೇಲೆ ಬರ್ಕೊಂಡ್ರು."

"ಒಂದು ಕುಣಿತಕ್ಕೆ ಕರೆಯೋಕೂ ಕಡ್ಡಿ ಎಣಿಸಿ ಕೊಡೋನು ನೀನು. ಇದಕ್ಕೆ ಬರಿಗೈಲಿ ಬಂದ್ಯಾ?"

ಮಾತು ಚುಚ್ಚಿತು. ಅಂದಿನಿಂದ ಅವನು ಬೆಳಿಗ್ಗೆ ಎದ್ದು ಕಡ್ಡಿ ಎಸೆಯುವ ಬದಲು ದಿನಕ್ಕೊಂದು ಕೂಡಿಡತೊಡಗಿದ. ಆ ಎಂದೆಂದಿಗೂ ಎಷ್ಟು ದೊಡ್ಡದೋ ನೋಡಿಯೇಬಿಡುತ್ತೇನೆ ಎಂಬ ಹಟ.

ಮೂರನೆಯ ಚಳಿಗಾಲದಲ್ಲಿ ನದಿಯ ಈಚೆಯೇ ಬಿಳಿಯರ ಕೊಡಲಿಯ ಸದ್ದು ಕೇಳಿಸಿತು. ಅವತ್ತು ಅವನು ಕಡ್ಡಿ ಇಡಲಿಲ್ಲ. ಮಿಹೋಯ ಅವನು ಕೂಡಿಟ್ಟ ಇಡೀ ಕಟ್ಟನ್ನು ಎತ್ತಿಕೊಂಡು ಹೋಗಿ ಒಲೆಗೆ ಹಾಕಿದಳು. ಮೆಕ್ಕೆಜೋಳದ ಗಂಜಿ ಕುದ್ದು ಬೆಂದಿತು.

"ತಗೋ, ಕುಡಿ," ಎಂದು ಬಟ್ಟಲು ಮುಂದಿಟ್ಟಳು. "ಅವರ ಎಂದೆಂದಿಗೂ ಒಂದು ಗಡಿಗೆ ಗಂಜಿಗೆ ಸರಿಹೋಯ್ತು."