ವಾಲ್ವಿಗೆ ಕಟ್ಟಿದ ಕೆಂಪು ಬಟ್ಟೆ

ಕಳೆದ ವಾರ ಮೆಟ್ಟಿಲು ಹತ್ತುವಾಗ ಪೈಪು ಅಂಟಿಸುವ ಸಲ್ಯೂಷನ್ನಿನ ವಾಸನೆ ಮೂಗಿಗೆ ಬಡಿಯಿತು. ಯಾರದೋ ಮನೆಯಲ್ಲಿ ಬಚ್ಚಲ ಕೆಲಸ ನಡೆದಿತ್ತು. ಕೈಚೀಲ ಕೆಳಗಿಟ್ಟು ಅಲ್ಲೇ ಸ್ವಲ್ಪ ಹೊತ್ತು ನಿಂತೆ.

ನಾಲ್ಕು ವರ್ಷಗಳ ಹಿಂದೆ ಇಂದಿರಾನಗರದ ಈ ಮನೆಯಲ್ಲಿ ನಾನು ಸಮುದ್ರದ ಮೀನು ಸಾಕಲು ಶುರುಮಾಡಿದ್ದೆ. ಅವಕ್ಕೆ ವಾರವಾರ ಉಪ್ಪು ಬೆರೆಸಿದ ಹೊಸ ನೀರು ಬೇಕು. ಬಕೆಟ್ಟಿನಲ್ಲಿ ಬೆರೆಸಿ ಸಾಕಾಗಿ, ಹಿಂದಿನ ಬಾಲ್ಕನಿಯಲ್ಲಿ ಎರಡು ಡ್ರಮ್ಮು ಕೂರಿಸಿ ಪೈಪು ಜೋಡಿಸಲು ನಮ್ಮ ಕಟ್ಟಡದ ಪ್ಲಂಬರಣ್ಣನನ್ನು ಕರೆದೆ. ರಾಯಚೂರಿನ ಕಡೆಯವರು. ಗರುಡಾಚಾರ್‌ಪಾಳ್ಯದ ಒಂದು ಬಾಡಿಗೆ ಕೋಣೆಯಲ್ಲಿ ಸಂಸಾರ. ನಮ್ಮ ಹದಿನೆಂಟು ಮನೆಗಳ ಕೆಲಸವೇ ಅವರಿಗೆ ಆಧಾರ.

ಡ್ರಮ್ಮು ಕೊಳ್ಳಲು ಶಿವಾಜಿನಗರದ ಗುಜರಿಗೆ ಇಬ್ಬರೂ ಹೋಗಿದ್ದೆವು. ಅವರು ಒಂದೊಂದರೊಳಗೂ ತಲೆ ಹಾಕಿ ಮೂಸಿ ನೋಡುತ್ತಿದ್ದರು. ಐದಾರನ್ನು ಪಕ್ಕಕ್ಕೆ ತಳ್ಳಿದ ಮೇಲೆ ಎರಡು ನೀಲಿ ಡ್ರಮ್ಮು ಒಪ್ಪಿಗೆಯಾದವು.

"ಉಪ್ಪಿನಕಾಯಿ ತುಂಬಿದ್ದರೀ ಸರ, ತೊಳದ್ರ ಹೋಗ್ತದ. ಉಳದ್ರೂ ನಿಮ್ಮ ಮೀನಿಗೆ ಬಾಯಿರುಚಿ," ಎಂದು ನಕ್ಕರು. ಆಟೋದಲ್ಲಿ ಬರುವಾಗ ಮತ್ತೆ ಹೇಳಿದರು: "ನಮ್ಮೂರಾಗ ಸಿಹಿನೀರು ಹುಡುಕ್ಕೊಂತ ತಿರಗತೀವಿ. ನೀವು ಇರೋ ಸಿಹಿನೀರಿಗೆ ಉಪ್ಪು ಸುರವತೀರಲ್ರೀ!"

ಶನಿವಾರ ಮಧ್ಯಾಹ್ನ ಕೆಲಸ ಮುಗಿಯಿತು. ಅವರದೊಂದು ಪದ್ಧತಿ ಇತ್ತು. ಹೊಸ ಜಾಯಿಂಟು ಹಾಕಿದ ದಿನ ನೀರಿನ ವಾಲ್ವಿಗೆ ಕೆಂಪು ಬಟ್ಟೆ ಸುತ್ತಿ, ಎರಡು ಸುತ್ತು ಬಿಗಿದು, ಕೊನೆಯನ್ನು ಒಳಗೆ ಸಿಕ್ಕಿಸಿ ಗಂಟು ಹಾಕುತ್ತಿದ್ದರು. ಮರುದಿನ ಅವರೇ ಬಂದು ಬಿಚ್ಚಬೇಕು.

"ಅಲ್ಲೀತನ ಡ್ರಮ್ಮಿಗೆ ಹನಿ ನೀರು ಬಿಡಬ್ಯಾಡ್ರಿ ಸರ. ಅಂಟು ಹಿಡೀಬೇಕು."

ಭಾನುವಾರ ಗೆಳೆಯರು ಮೀನು ನೋಡಲು ಬರುವವರಿದ್ದರು. ಅಷ್ಟರೊಳಗೆ ನೀರು ಬದಲಿಸುವ ಆಸೆ. ಸಂಜೆ ಐದಕ್ಕೆ ಬಟ್ಟೆ ಬಿಚ್ಚಿ ವಾಲ್ವು ತಿರುಗಿಸಿದೆ. ಡ್ರಮ್ಮು ತುಂಬಲಿ ಎಂದು ಹಲಸೂರಿನ ಮಾರುಕಟ್ಟೆಗೆ ಹೋದೆ. ಬಂದು ನೋಡಿದರೆ ತಳದ ಜಾಯಿಂಟು ಕಳಚಿಕೊಂಡಿತ್ತು. ಬಾಲ್ಕನಿ, ಅಡುಗೆಮನೆ, ಎಲ್ಲ ಕಡೆ ನೀರು. ವಾಲ್ವು ಮುಚ್ಚಿದೆ. ಆಮೇಲೆ... ಆ ಬಟ್ಟೆಯನ್ನು ಮತ್ತೆ ಕಟ್ಟಿದೆ. ಯಾರೂ ಹೇಳಿಕೊಡಲಿಲ್ಲ, ಕೈ ತಾನಾಗಿ ಮಾಡಿತು ಎಂದು ಬಹಳ ದಿನ ಅಂದುಕೊಂಡಿದ್ದೆ. ಹಾಗಲ್ಲ, ವಾಲ್ವನ್ನು ನಾನು ಮುಟ್ಟಿಲ್ಲವೆಂದು ಕಾಣಲಿ ಎಂದು ಯೋಚಿಸಿಯೇ ಮಾಡಿದೆ.

ಕಟ್ಟಿ ಮುಗಿಸುವಷ್ಟರಲ್ಲಿ ಬೆಲ್ಲು ಹೊಡೆಯಿತು. ಕೆಳಗಿನ ಮನೆಯವರು, ಅಸೋಸಿಯೇಷನ್ನಿನ ಸೆಕ್ರೆಟರಿಯೂ ಅವರೇ.

"ಏನ್ಸಾರ್ ಇದು? ನಮ್ಮ ಸೀಲಿಂಗಿಂದ ಜಲಪಾತ ಥರ ಸುರೀತಿದೆ!"

"ಪ್ಲಂಬರ್ ನೀರು ತುಂಬ್ಸಿ ಹೋಗ್ಬಿಟ್ಟಿದಾರೆ ಸಾರ್. ಜಾಯಿಂಟ್ ಸರಿಯಾಗಿ ಹಾಕಿಲ್ಲ," ಎಂದೆ.

ಬೆಳಿಗ್ಗೆ ಪ್ಲಂಬರಣ್ಣ ಬಂದಾಗ ಸೆಕ್ರೆಟರಿ ನನ್ನ ಜೊತೆ ಬಾಲ್ಕನಿಯಲ್ಲೇ ಕಾಯುತ್ತಿದ್ದರು. ಪ್ಲಂಬರಣ್ಣ ಮೊದಲು ನೋಡಿದ್ದು ಕಳಚಿದ ಪೈಪನ್ನಲ್ಲ, ವಾಲ್ವನ್ನು. ನಾನು ಶೂ ಲೇಸಿನ ಹಾಗೆ ಕಟ್ಟಿದ್ದೆ, ಎರಡು ಕಿವಿ ಬಿಟ್ಟು.

"ಈ ಗಂಟು ನಾ ಹಾಕಿದ್ದಲ್ಲರೀ ಸರ."

"ಗಂಟಿನ ಕಥೆ ಯಾರಿಗಯ್ಯ ಬೇಕು? ನಮ್ಮನೆ ಸೀಲಿಂಗ್ ನೋಡ್ಬಾ," ಎಂದು ಸೆಕ್ರೆಟರಿ ರೇಗಿದರು. "ಇನ್ಮೇಲೆ ಈ ಬಿಲ್ಡಿಂಗ್ ಕಡೆ ಬರ್ಬೇಡ. ಗೇಟಲ್ಲಿ ಹೇಳಿರ್ತೀನಿ."

ಪ್ಲಂಬರಣ್ಣ ನನ್ನನ್ನು ನೋಡಿದರು. ನಾನು ಡ್ರಮ್ಮನ್ನು ನೋಡಿದೆ.

ಸೆಕ್ರೆಟರಿ ಇಳಿದು ಹೋದರು. ಪ್ಲಂಬರಣ್ಣ ಚೀಲ ತೆಗೆದುಕೊಂಡು ಹೊರಡುತ್ತಾರೆ ಎಂದುಕೊಂಡಿದ್ದೆ. ಅವರು ನೆಲಕ್ಕೆ ಕೂತು ಪೈಪು ಒರೆಸಿ, ಸಲ್ಯೂಷನ್ ಹಚ್ಚಿ, ಜಾಯಿಂಟನ್ನು ಮತ್ತೆ ಕೂರಿಸಿ, ಒತ್ತಿ ಹಿಡಿದುಕೊಂಡರು. ಎಷ್ಟು ಹೊತ್ತೋ... ನನಗೆ ಬಹಳ ಹೊತ್ತೆನಿಸಿತು. ಆಮೇಲೆ ಬಟ್ಟೆಯನ್ನು ತಮ್ಮ ಕ್ರಮದಲ್ಲಿ ಕಟ್ಟಿದರು.

"ನಾಳಿ ನನ್ನ ಒಳಗ ಬಿಡಂಗಿಲ್ಲ. ನೀವೇ ಬಿಚ್ಚರಿ ಸರ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಏಳೆಂಟು ತಿಂಗಳ ನಂತರ ಫೋನು ಮಾಡಿದೆ. ಆ ನಂಬರು ಚಾಲ್ತಿಯಲ್ಲಿರಲಿಲ್ಲ. ಗರುಡಾಚಾರ್‌ಪಾಳ್ಯಕ್ಕೆ ಹೋಗಿ ಕೋಣೆ ಹುಡುಕಿದೆ. "ಒಂದ್ ಬಿಲ್ಡಿಂಗ್ ಕೆಲ್ಸ ಹೋಯ್ತಂತೆ ಸಾರ್, ಖಾಲಿ ಮಾಡ್ಕೊಂಡ್ ಹೋದ್ರು. ಎಲ್ಲಿಗೋ ಗೊತ್ತಿಲ್ಲ," ಎಂದರು ಮನೆ ಮಾಲೀಕರು. ಯಾವ ಬಿಲ್ಡಿಂಗು ಎಂದು ನಾನು ಕೇಳಲಿಲ್ಲ.

ಕಳೆದ ವಾರ ಮೆಟ್ಟಿಲಿನಿಂದ ಮನೆಗೆ ಹೋಗದೆ ಸೆಕ್ರೆಟರಿಯವರ ಬಾಗಿಲು ತಟ್ಟಿದೆ. ವಾಲ್ವು ತೆರೆದದ್ದು, ಬಟ್ಟೆ ಕಟ್ಟಿದ್ದು, ಸುಳ್ಳು ಹೇಳಿದ್ದು, ಎಲ್ಲ ಕ್ರಮವಾಗಿ ಹೇಳಿದೆ. ಅವರಿಗೆ ಯಾವ ಪ್ಲಂಬರ್ ಎಂದು ನೆನಪಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

"ಅಯ್ಯೋ, ಈಗ್ಯಾಕೆ ಸಾರ್ ಅದೆಲ್ಲಾ? ಸೀಲಿಂಗೂ ಸರಿಹೋಯ್ತು. ಕೂತ್ಕೊಳ್ಳಿ, ಟೀ ಕುಡೀರಿ."

ಕೂತೆ. ಟೀ ಬಂತು. ಕುಡಿದೆ.