ಆಯಿ ಅರ್ಧಕ್ಕೇ ನಿಲ್ಲಿಸಿದ ಗ್ರಹಣದ ಕಥೆ

ಬೈಯಪ್ಪನಹಳ್ಳಿಗೆ ಇನ್ನೂ ಮೆಟ್ರೊ ಬಂದಿರದ ಕಾಲ. ಯಾದಗಿರಿ ಕಡೆಯಿಂದ ಬಂದ ನಾವು ಐದು ಜನ ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ಅಪ್ಪನ ತಾಯಿ, ನಮ್ಮ ಆಯಿ, ಸಂಜೆ ಸ್ಟೌ ಮುಂದೆ ಕೂತು ರೊಟ್ಟಿ ಬಡಿಯುತ್ತ ಕಥೆ ಹೇಳುತ್ತಿದ್ದಳು. ಬಿಸಿ ರೊಟ್ಟಿಯ ವಾಸನೆಗೋ ಕಥೆಗೋ, ವಠಾರದ ಮಕ್ಕಳೆಲ್ಲ ಬಾಗಿಲಲ್ಲಿ ಬಂದು ಕೂರುತ್ತಿದ್ದರು.

ನಾನು ಆರನೇ ಕ್ಲಾಸು. ಜೊತೆಯವರಲ್ಲಿ ಹೆಚ್ಚಿನವರು ಫ್ಯಾಕ್ಟರಿ ಕ್ವಾರ್ಟರ್ಸಿನ ಮಕ್ಕಳು. ಅವರೆದುರು ನಮ್ಮ ಕಡೆಯ ಮಾತು ಬಾಯಿಗೆ ಬಾರದಂತೆ ಎಚ್ಚರವಾಗಿರುತ್ತಿದ್ದೆ.

ಅಂದು ಊಟದ ಹೊತ್ತಿಗೆ ಸೂರ್ಯಗ್ರಹಣ. ವಿಜ್ಞಾನದ ಮಿಸ್ ನಮ್ಮನ್ನು ಮೈದಾನದಲ್ಲಿ ಕೂರಿಸಿ ಗ್ರಹಣ ನೋಡುವ ಕಪ್ಪು ಕನ್ನಡಕ ಹಂಚುತ್ತಿದ್ದರು. ಆಗ ಆಯಿ ಗೇಟಿನಿಂದ ಒಳಗೆ ಬಂದಳು. ಬರಿಗಾಲು, ಮಾಸಿದ ಇಳಕಲ್ ಸೀರೆ, ಕೈಯಲ್ಲೊಂದು ಹಿಡಿ ಗರಿಕೆ. ಗ್ರಹಣದಲ್ಲಿ ಊಟದ ಡಬ್ಬಿಗೆ ಗರಿಕೆ ಹಾಕಬೇಕೆಂದು, ನನ್ನ ಡಬ್ಬಿಗಾಗಿ ಅಷ್ಟು ದೂರ ನಡೆದು ಬಂದಿದ್ದಳು.

ಮಿಸ್ ಗರಿಕೆ ನೋಡಿ ನಗಲಿಲ್ಲ. “ಗ್ರಹಣ ಯಾಕಾಗುತ್ತೆ ಅಂತ ನಿಮ್ಮ ಕಡೆ ಹೇಳ್ತಾರೆ ಅಜ್ಜಿ? ಮಕ್ಕಳಿಗೂ ಹೇಳಿ,” ಎಂದರು.

ಆಯಿ ನಿಂತಲ್ಲೇ ಶುರು ಮಾಡಿದಳು. “ದೇವ್ರೆಲ್ಲ ಅಮೃತ ಉಣ್ಣಾಕ ಕುಂತಿದ್ರು. ರಾಹುನೂ ಹೋಗಿ ಅವರ ಸಾಲಿನ್ಯಾಗ ಕುಂತ. ಕಡಲು ಕಡಿಯೂದ್ರಾಗ ಅಂವನ ಮಂದೀನೂ ದುಡದಿತ್ತು, ಅವಂಗೂ ಹಸಿವಿತ್ತು. ಸೂರ್ಯ ಚಂದ್ರ ಚಾಡಿ ಹೇಳಿದ್ರು. ಕುತಗಿ ಕಡದ್ರು. ಆಗ ಆ ತಲಿ ಸೂರ್ಯನ ಮಾರಿ ನೋಡಿ ಏನಂತು ಗೊತ್ತೇನು...”

ಇಡೀ ಕ್ಲಾಸು ಬಾಯಿ ಬಿಟ್ಟುಕೊಂಡು ಕೇಳುತ್ತಿತ್ತು. ಪಕ್ಕದಲ್ಲಿದ್ದ ಶ್ರುತಿ, “ಎಷ್ಟು ಚೆನ್ನಾಗಿ ಹೇಳ್ತಾರೆ ಅಲ್ವಾ? ಯಾರ ಅಜ್ಜಿ?” ಎಂದಳು. ಅವಳು ಅಣಕಿಸಿರಲಿಲ್ಲ. ಅಣಕಿಸಿದ್ದರೆ ನನಗೊಂದು ನೆಪವಾದರೂ ಇರುತ್ತಿತ್ತು.

“ಯಾರ ಅಜ್ಜೀನೂ ಅಲ್ಲ. ನಮ್ಮ ಬಿಲ್ಡಿಂಗ್ ಕಸ ಗುಡಿಸೋಳು,” ಎಂದೆ.

ಮೆಲ್ಲಗೇ ಹೇಳಿದ್ದೆ. ಆದರೆ ಮೈದಾನ ಅಷ್ಟು ನಿಶ್ಶಬ್ದವಾಗಿತ್ತು.

ಆಯಿಯ ಮಾತು ನಿಂತಿತು. ಒಮ್ಮೆ ನನ್ನನ್ನು ನೋಡಿದಳು.

“ಆಮೇಲೆ ಏನಾಯ್ತು? ನೀವು ಯಾರ ಮನೆಯವರು ಅಜ್ಜಿ?” ಮಿಸ್ ಕೇಳಿದರು.

“ಯಾರ ಮನಿಯಾಕೀನೂ ಅಲ್ರಿ. ಕಸಾ ಹೊಡಿಯಾಕಿ. ದಾರಿ ತಪ್ಪಿ ಬಂದೀನಿ.”

ಗರಿಕೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ನಾನು ಕನ್ನಡಕ ಹಾಕಿಕೊಂಡೆ. ಅದನ್ನು ಹಾಕಿಕೊಂಡರೆ ಸೂರ್ಯನನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಆಯಿ ಅಪ್ಪ ಅಮ್ಮನಿಗೆ ಏನೂ ಹೇಳಲಿಲ್ಲ. ಸಂಜೆ ಎಂದಿನಂತೆ ಮೊದಲ ರೊಟ್ಟಿ ನನ್ನ ತಟ್ಟೆಗೇ ಬಿತ್ತು. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಬದಲಿಗೆ, “ಆ ತಲಿ ಏನಂತು ಆಯಿ?” ಎಂದು ಕೇಳಿದೆ.

“ಮರ್ತೀನವ್ವ,” ಎಂದಳು. ಬೇಸಿಗೆಯಲ್ಲಿ ಊರಿಗೆ ಹೋದವಳು ಅಲ್ಲೇ ತೀರಿಕೊಂಡಳು.

ಈಗ ನಾವು ದೊಡ್ಡನೆಕ್ಕುಂದಿಯಲ್ಲಿದ್ದೇವೆ. ನನ್ನ ಮಗಳು ಈ ಕಥೆಯನ್ನು ಮೊಬೈಲಿನಲ್ಲಿ ನೋಡುತ್ತಾಳೆ. ಅಲ್ಲಿ ರಾಹು ಬರೀ ಕೋರೆಹಲ್ಲಿನ ಕಳ್ಳ, ಅವನಿಗೆ ಹಸಿವೇ ಇಲ್ಲ. ಪುಸ್ತಕಗಳಲ್ಲೂ ಹುಡುಕಿದ್ದೇನೆ. ಕಡಿದ ತಲೆ ಸೂರ್ಯನಿಗೆ ಏನು ಹೇಳಿತೆಂದು ನನಗೆಲ್ಲೂ ಸಿಕ್ಕಿಲ್ಲ. ಅದು ಆಯಿಗೆ ಮಾತ್ರ ಗೊತ್ತಿದ್ದ ಮಾತು. ಹೇಳಲು ಬಾಯಿ ತೆರೆದಿದ್ದಳು, ಮುಚ್ಚಿಸಿದವಳು ನಾನು.