ಕಾಕ್‌ಪಿಟ್ಟಿನಲ್ಲಿ ಕೂತವರು ಯಾರು

ಯುದ್ಧವಿಮಾನದ ಕಾಕ್‌ಪಿಟ್ಟಿನಲ್ಲಿ ನಾನು ಕೂತಿದ್ದೇನೆ. ಇದನ್ನು ಮದುವೆ ಮನೆಗಳಲ್ಲಿ, ರೈಲಿನಲ್ಲಿ, ಒಮ್ಮೆ ಕೆಲಸದ ಸಂದರ್ಶನದಲ್ಲೂ ಹೇಳಿದ್ದೇನೆ. ಸೀಟು ಬೆನ್ನಿಗೆ ಬಿಗಿಯಾಗಿತ್ತು. ಏನನ್ನೂ ಮುಟ್ಟಬೇಡ ಎಂದು ಅಧಿಕಾರಿಯೊಬ್ಬರು ಎಚ್ಚರಿಸಿದರು. ನಾನು ಒಂದು ಗುಂಡಿ ಮುಟ್ಟಿದೆ. ಆಧಾರವಿಲ್ಲದೆ ಏನನ್ನೂ ನಂಬಬೇಡ ಎಂದು ವಿಶ್ವವಿದ್ಯಾಲಯ ವರ್ಷಗಟ್ಟಲೆ ಕಲಿಸಿದರೂ ಈ ಗುಂಡಿಗೆ ಯಾರೂ ಆಧಾರ ಕೇಳಿರಲಿಲ್ಲ.

ಕೇಳಿದವಳು ಮಗಳು. ಶಾಲೆಯಲ್ಲಿ ಅಪ್ಪನ ಬಗ್ಗೆ ಮಾತಾಡಬೇಕಿತ್ತು, ಕಾಕ್‌ಪಿಟ್ಟನ್ನೇ ಆರಿಸಿಕೊಂಡಿದ್ದಳು. ಸೋಮವಾರದೊಳಗೆ ಫೋಟೋ ಬೇಕಂತೆ.

ಹುಡುಕುತ್ತಿದ್ದಾಗ ಅನುಮಾನ ಹುಟ್ಟಿತು. ನನ್ನ ನೆನಪಿನ ಕಾಕ್‌ಪಿಟ್ಟಿಗೆ ಹಿಪ್ಪುನೇರಳೆ ಸೊಪ್ಪಿನ ವಾಸನೆಯಿತ್ತು. ವಾಯುಪಡೆಯವರು ಸೊಪ್ಪು ಹಾಕಿ ವಿಮಾನ ಸಾಕುವುದಿಲ್ಲ.

ಬಿಡದಿ ಕಡೆ ಕಾರ್ಖಾನೆಯ ಶೆಡ್ಡುಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳು ಅವು. ರಜೆಗೆ ಚಿಕ್ಕಪ್ಪನ ಊರಾದ ಕೂಟಗಲ್ಲಿಗೆ ಬಂದಾಗಲೆಲ್ಲ ನಾನೂ ಚಿಕ್ಕಪ್ಪನ ಮಗನೂ ಊರ ಹಿಂದಿನ ಬಂಡೆ ಹತ್ತಿ, ಹೋಗುವ ವಿಮಾನಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆವು: ಹೊತ್ತು, ದಿಕ್ಕು, ಎಂಜಿನ್ ಎಷ್ಟು. ಒಮ್ಮೆ, ಬರೆದು ಮುಗಿಸಿದ ಮೇಲೆ ವಿಮಾನ ರೆಕ್ಕೆ ಬಡಿಯಿತು. ರಣಹದ್ದು. ನಾವು ಬರೆದ ಸಾಲನ್ನು ಹೊಡೆದುಹಾಕಲಿಲ್ಲ.

ಬೆಂಗಳೂರಿನಾಚೆಯ ಸೇನಾ ವಿಮಾನ ನೆಲೆಯನ್ನು ಒಂದು ದಿನ ಜನರಿಗೆ ತೆರೆಯುತ್ತಾರೆಂದು ಪತ್ರಿಕೆಯಲ್ಲಿ ಬಂದಾಗ ಇಬ್ಬರೂ ಹೋಗುವುದೆಂದು ಗೊತ್ತುಮಾಡಿಕೊಂಡೆವು. ಅದೇ ದಿನ ಚಿಕ್ಕಪ್ಪನ ಮನೆಯ ರೇಷ್ಮೆಹುಳ ಹಣ್ಣಾದವು. ಹಣ್ಣಾದ ಹುಳ ಸೊಪ್ಪು ಮುಟ್ಟುವುದಿಲ್ಲ, ಗೂಡು ಕಟ್ಟಲು ತಲೆಯೆತ್ತುತ್ತದೆ. ಅವತ್ತೇ ಒಂದೊಂದಾಗಿ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರ ತಟ್ಟೆಗೆ, ಬಿಡಬೇಕು. ಮನೆಯವರ ಕೈ ಸಾಲದೆ ಮುಯ್ಯಾಳುಗಳು ಬರುತ್ತಾರೆ: ಇವತ್ತು ನಾನು ನಿಮ್ಮನೆಗೆ, ನಾಳೆ ನೀನು ನಮ್ಮನೆಗೆ. ಇಷ್ಟು ಖಚಿತ. ಆಮೇಲೆ ನಾವಿಬ್ಬರೂ ಬಸ್ಸು ಹತ್ತಿದ್ದು ನನ್ನ ನೆನಪಿನಲ್ಲಿ ಸ್ಪಷ್ಟವಾಗಿದೆ.

ಶನಿವಾರ ರಾಮನಗರದ ಗೂಡಿನ ಮಾರುಕಟ್ಟೆಗೆ ಹೋದೆ. ಚಿಕ್ಕಪ್ಪನ ಮಗ ತಾನು ತಂದ ಗೂಡಿನ ಪಕ್ಕ ನಿಂತು ಹರಾಜಿಗೆ ಕಾಯುತ್ತಿದ್ದ. ಫೋಟೋ ವಿಷಯ ಕೇಳಿದ್ದಕ್ಕೆ ನನ್ನನ್ನೇ ದಿಟ್ಟಿಸಿದ.

"ನೀನೆಲ್ ಬಂದಿದ್ದೆ ಕಣ್ಲಾ? ನನ್ ಬದ್ಲು ಮುಯ್ಯಾಳಾಗಿ ನಮ್ಮನೇಲಿ ಹುಳ ಆಯ್ತಾ ಕುಂತಿದ್ದೆ. ಸಂಜೆ ಬಂದು ನಿಂಗೆಲ್ಲ ಹೇಳ್ನಿಲ್ವ?"

ಅಲ್ಲಿಗೆ ವಾಸನೆಯ ಲೆಕ್ಕ ಸರಿಹೋಯಿತು. ಅವನು ಹೇಳುತ್ತಿದ್ದ, ನಾನು ಹುಳದ ತಟ್ಟೆಯ ಮೇಲೆ ಬಗ್ಗಿ ಕೇಳುತ್ತಿದ್ದೆ. ಕೂತವನು ಅವನು, ಕದ್ದವನು ನಾನು. ಮಾನ ಹೋದರೂ ಫೋಟೋ ಸಿಗಲಿ ಎಂದು, ಅವನು ಕೂತ ಫೋಟೋ ಆದರೂ ಇದೆಯೇ ಎಂದೆ.

ಅವನು ಒಂದು ಗೂಡೆತ್ತಿ ಕಿವಿಯ ಬಳಿ ಅಲ್ಲಾಡಿಸಿದ. ಒಳಗಿನ ಹುಳ ಸದ್ದು ಮಾಡುತ್ತದೆಯೇ ಎಂದು ಹಾಗೆ ನೋಡಬೇಕಾದವರು ಕೊಳ್ಳುವವರು.

"ಫೋಟೋ ಎಲ್ಲಿಂದ ಬತ್ತದೆ? ನಾನೂ ಕೂರ್ನಿಲ್ಲ."

ಕ್ಯೂ ಉದ್ದವಿತ್ತಂತೆ. ಇವನ ಸರದಿಗೆ ಇನ್ನು ಹತ್ತು ಜನ ಇರುವಾಗ ಹಗ್ಗ ಕಟ್ಟಿ, ಮುಗೀತು ಎಂದರಂತೆ. ಒಂದು ಚಕ್ರ ಮತ್ತು ಅರ್ಧ ಮೂತಿಯನ್ನು ಮಾತ್ರ ನೋಡಿ ಬಂದಿದ್ದ.

"ಬೆನ್ನು ಬಗ್ಗಿಸ್ಕೊಂಡು ನನ್ ಕೆಲ್ಸ ಮಾಡ್ದೋನ್ಗೆ, ಚಕ್ರ ನೋಡ್ಕೊಂಡು ಬಂದೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ? ಒಸಿ ಸೇರಿಸ್ದೆ."

"ಆ ಗುಂಡಿ?"

"ಗುಂಡಿ ನಾನು ಹೇಳ್ನಿಲ್ಲ ಕಣ್ಲಾ. ಅದು ನಿಂದೇ."

ಅಷ್ಟರಲ್ಲಿ ಅವನ ಗೂಡಿನ ಹರಾಜು ಕೂಗಿದರು.

ಭಾನುವಾರ ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳಿಗೆ ಬೇಜಾರಾಯಿತು. ಬರೆದ ಹಾಳೆಯನ್ನು ಹರಿದು, ಹೊಸ ಹಾಳೆ ತೆಗೆದಳು. "ಸರಿ, ಹುಳದ್ದೇ ಹೇಳ್ತೀನಿ. ಎಷ್ಟು ಆಯ್ದೆ?"

ನೆನಪಿಲ್ಲ ಎಂದೆ. ಅದು ಸತ್ಯ.

"ಒಂದು ಲಕ್ಷ ಅಂತ ಹಾಕ್ಲಾ?"

ಬೇಡ ಎನ್ನಬೇಕಿತ್ತು. ಅರ್ಧ ಲಕ್ಷ ಸಾಕು ಎಂದೆ.